ಮೇಷ್ಟ್ರ ಕೊರಳಿಗೆ ಕಟ್ಟಿದ ಕರು

ಬೀದಿಯವರು ಅವನನ್ನು ‘ಪಳಗಿಸೋ ಭಾವ’ ಎಂದು ಕರೆಯುತ್ತಿದ್ದರು. ಮೊದಲು ಹಾಗೆ ಕರೆದುಕೊಂಡವನು ಅವನೇ.

ಎಳೆಗರುವಿನ ಮುಖಕ್ಕೆ ಹಗ್ಗ ತೊಡಿಸಿ, ಕರೆದತ್ತ ನಡೆಯುವುದನ್ನು ಕಲಿಸುವುದು ಅವನ ಕಸುಬು. ಅದಕ್ಕೆ ತಾಳ್ಮೆ ಬೇಕು; ಕರು ಹೆಜ್ಜೆಯಿಟ್ಟ ಕೂಡಲೇ ಹಗ್ಗ ಸಡಿಲಿಸುವ ಜಾಣತನವೂ ಬೇಕು. ದೇವರು ಎರಡನ್ನೂ ಮರೆತು ಅವನಿಗೆ ದೊಡ್ಡ ಗಂಟಲು ಕೊಟ್ಟಿದ್ದ. ಅವನು ಎಳೆದರೆ ಕರು ಕಾಲೂರಿ ಕೂತುಬಿಡುತ್ತಿತ್ತು. ಹಗ್ಗದ ಎರಡು ತುದಿಗಳಲ್ಲಿ ಯಾರು ಯಾರನ್ನು ಕಟ್ಟಿಹಾಕಿದ್ದಾರೋ ತಿಳಿಯುತ್ತಿರಲಿಲ್ಲ.

ನಿಜವಾಗಿ ಕಲಿಸುತ್ತಿದ್ದದ್ದು ಹೆಂಡತಿಯ ಮುದಿ ಕತ್ತೆ. ಅವಳು ಅದನ್ನು ‘ಮೇಷ್ಟ್ರು’ ಎನ್ನುತ್ತಿದ್ದಳು. ಕರುವಿನ ಹಗ್ಗವನ್ನು ಮೇಷ್ಟ್ರ ಕೊರಳಪಟ್ಟಿಗೆ ಕಟ್ಟಿ ಹಿತ್ತಿಲಿಗೆ ಬಿಟ್ಟರಾಯಿತು. ಕರು ಜಗ್ಗಿದರೆ ಕತ್ತೆ ಕಂಬದಂತೆ ನಿಲ್ಲುತ್ತಿತ್ತು. ಜಗ್ಗುವುದನ್ನು ಬಿಟ್ಟರೆ ಮೆಲ್ಲಗೆ ನೀರಿನ ತೊಟ್ಟಿಯತ್ತ ಹೊರಡುತ್ತಿತ್ತು. ಬಯ್ಗುಳವಿಲ್ಲ, ಬೆತ್ತವಿಲ್ಲ. ಭಾವ ಗೋಡೆಯ ನೆರಳಲ್ಲಿ ಬೀಡಿ ಸೇದುತ್ತಿದ್ದು, ಸಂಜೆ “ಅಬ್ಬಾ, ತೋಳು ಕಿತ್ತುಬಂತು” ಎಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ. ಕೊನೆಯಲ್ಲಿ ಕರುವನ್ನು ಕತ್ತೆಯಿಂದ ಬಿಡಿಸಿ ಕೈಯಲ್ಲಿ ಹಿಡಿದು ನಡೆಸುವುದು ಹೆಂಡತಿಯ ಪಾಲು.

ಡೈರಿಯ ಯಜಮಾನರಿಗೆ ಕರು ನೋಡಿಕೊಳ್ಳಲು ಆಳು ಬೇಕಾಗಿತ್ತು. ಕೆಲಸದ ಜೊತೆ ಒಂದು ಕೋಣೆ, ಬಾಗಿಲಲ್ಲೇ ನಲ್ಲಿ. ದೂರದಿಂದ ಕೊಡ ಹೊತ್ತೇ ಸೊಂಟ ಸವೆಸಿದ್ದ ಹೆಂಡತಿಗೆ ಆ ನಲ್ಲಿ ಕನಸಿನಲ್ಲೂ ಸುರಿಯುತ್ತಿತ್ತು. ಪರೀಕ್ಷೆಗೆಂದು ಯಜಮಾನರು ಒಂದು ಹೆಣ್ಣುಗರು ಕಳಿಸಿದರು. ಆ ವಾರವೇ ಅವಳ ಕಾಲು ಉಳುಕಿತು.

“ರೀ, ಈ ಸಲ ನೀವೇ ಕೈಯಲ್ಲಿ ಹಿಡಿದು ನಡೆಸಿ. ಇಲ್ಲಾಂದ್ರೆ ಅದು ಕತ್ತೆ ಬಿಟ್ಟು ಬೇರೆ ಯಾರ ಹಿಂದೇನೂ ಬರಲ್ಲ.”

“ನನಗೇ ಪಾಠ ಹೇಳ್ತೀಯಾ? ಸುಮ್ನೆ ಕೂತ್ಕೊ.”

ಯಜಮಾನರು ಬಂದರು. ಭಾವ ಮೀಸೆ ತಿರುವಿ, ಹಗ್ಗ ಹಿಡಿದು, “ಬಾರೇ ಮಗಳೇ!” ಎಂದ. ಕರು ಅವನನ್ನು ಗುರುತು ಪರಿಚಯವಿಲ್ಲದವನಂತೆ ನೋಡಿ ನೆಲಕ್ಕೆ ಕೂತಿತು. ಎಳೆದ. ಮಲಗಿತು.

“ನಿಮ್ಮನ್ನ ನೋಡಿ ನಾಚಿಕೊಂಡಿದೆ, ಯಜಮಾನ್ರೇ.”

ಅಷ್ಟರಲ್ಲಿ ಹಿತ್ತಿಲಿನಿಂದ ಮೇಷ್ಟ್ರು ಒಮ್ಮೆ ಅರಚಿದರು. ಕರು ಚಂಗನೆ ಎದ್ದು ಅತ್ತ ಓಡಿತು. ಹಗ್ಗ ಬಿಡಲು ತೋಚದೆ ಭಾವನೂ ಓಡಿದ, ಮುಗ್ಗರಿಸಿದ, ತೊಟ್ಟಿಯ ಕೆಸರಿನಲ್ಲಿ ಮೀಸೆ ಊರಿ ಬಿದ್ದ. ಕರು ಕತ್ತೆಯ ಪಕ್ಕ ನಿಂತು ಸಾಧುವಾಗಿ ಬಾಲ ಆಡಿಸಿತು.

ಯಜಮಾನರು ಹೊಟ್ಟೆ ಹಿಡಿದು ನಕ್ಕರು. “ಕೆಲಸ ಈ ಕತ್ತೆಗೇ ಕೊಡ್ತೀನಿ. ಯಾರ ಮಾತು ಕೇಳುತ್ತೆ ಇದು?”

“ನನ್ನ ಮಾತು ಮಾತ್ರ,” ಎಂದಳು ಹೆಂಡತಿ, ಕುಂಟುತ್ತ ಮುಂದೆ ಬಂದು.

“ಹಾಗಾದ್ರೆ ನೀನೇ ಬಾಮ್ಮ.”

“ಮತ್ತೆ ಇವ್ರು?”

“ಸಗಣಿ ಬಾಚೋಕೂ ಒಬ್ಬರು ಬೇಕಲ್ಲ.”

ಹೊಸ ಕೋಣೆಗೆ ಹೊರಟಾಗ ಮುಂದೆ ಅವಳು, ಹಿಂದೆ ಕತ್ತೆ, ಕತ್ತೆಯ ಪಕ್ಕ ಕರು, ಎಲ್ಲರ ಹಿಂದೆ ಗಂಟು ಹೊತ್ತ ಭಾವ. ಡೈರಿ ತಲುಪಿದ್ದೇ ತಡ, ಅಲ್ಲಿಯ ಹಾಲು ಕರೆಯುವವರನ್ನು ಸುತ್ತ ಸೇರಿಸಿಕೊಂಡು ಅವನು ಶುರುಮಾಡಿದ: “ಕತ್ತೇನ ಪಳಗಿಸಿದ್ದು ಯಾರು ಅನ್ಕೊಂಡ್ರಿ?”

ಹೆಂಡತಿ ಕೊಡವನ್ನು ನಲ್ಲಿಯ ಕೆಳಗಿಟ್ಟಳು. ಅವನ ಮಾತು ಕೇಳದಷ್ಟು ಜೋರಾಗಿ ನೀರು ಬಿಟ್ಟಳು.