ಒಂದು ಕಿವಿ ಸಾಕು

ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಶ್ರವಣಯಂತ್ರ ಕುಯ್ ಎಂದು ಸಿಳ್ಳೆ ಹಾಕುತ್ತದೆ. ಸಿಳ್ಳೆ ಬಂದರೆ ಯಂತ್ರಕ್ಕೆ ಜೀವವಿದೆ ಎಂದರ್ಥ. ಸರ್ಕಾರಿ ಕಿವಿ ಚಿಕಿತ್ಸಾಲಯದ ಆ ಹೆಂಗಸು ಕೂದಲು ನರೆಯುವವರೆಗೆ ಇದೇ ಸಿಳ್ಳೆ ಕೇಳುತ್ತಾ, ಕಿವುಡರ ಕಿವಿಯ ಗುಗ್ಗೆ ತೆಗೆಯುತ್ತಾ ಬದುಕಿದವಳು. ಖರ್ಚು ತಗ್ಗಿಸಲು ಉಪಾಯ ಹೇಳಿ ಎಂದು ಮೇಲಿನವರು ನೌಕರರನ್ನೇ ಕೇಳಿದಾಗ ಉಳಿದವರು ದೀಪ, ಫ್ಯಾನು ಎಂದು ಗೊಣಗಿದರು. ಇವಳು ಮಾತ್ರ, "ಒಬ್ಬೊಬ್ಬರಿಗೆ ಎರಡು ಯಂತ್ರ ಯಾಕೆ? ಒಂದು ಕಿವಿ ಸಾಕು" ಎಂದಳು. ಅದೇ ನಿಯಮವಾಯಿತು, ಸಭೆಯಲ್ಲಿ ಅವಳಿಗೆ ಚಪ್ಪಾಳೆಯೂ ಬಿತ್ತು. ಅಂದಿನಿಂದ ತಪಾಸಣೆಗೆ ಬಂದವರೆಲ್ಲ ಹಿಂದೆ ಕೊಟ್ಟಿದ್ದ ಎರಡರಲ್ಲಿ ಒಂದು ಯಂತ್ರವನ್ನು ಒಪ್ಪಿಸಿ ಹೋಗಬೇಕು.

ಇಂದು ಅವಳ ಅಣ್ಣನ ಸರದಿ. ಅವನು ನಾಲ್ಕು ರಸ್ತೆ ಕೂಡುವಲ್ಲಿ ವಾಹನಗಳ ನಡುವೆ ನುಗ್ಗಿ ಪತ್ರಿಕೆ ಮಾರುತ್ತಾನೆ.

"ನಂಗೂ ಒಂದೇನಾ? ಒಡಹುಟ್ಟಿದವನು ಕಣೇ ನಾನು."

"ಒಡಹುಟ್ಟಿದವನು ಅಂತ ಮೂರು ಕೊಡ್ಲಾ? ಯಾವ ಕಿವಿ ಉಳಿಸ್ಲಿ, ಬೇಗ ಹೇಳು."

"ಒಂದೇ ಕಿವಿ ಆದ್ರೆ ಹಾರನ್ ಕೇಳ್ಸುತ್ತೆ, ಯಾವ ಕಡೆಯಿಂದ ಅಂತ ತಿಳಿಯಲ್ಲ. ಯಾವುದೋ ಲಾರಿ ಗುದ್ದಿಕೊಂಡು ಹೋಗುತ್ತೆ ನನ್ನ."

"ನಿನಗೆ ಎರಡೂ ಬಿಟ್ರೆ ನಾಳೆ ಎಲ್ಲರೂ ನನ್ನ ಕಡೆ ಬೆರಳು ತೋರಿಸ್ತಾರೆ."

ಅವನು ಎಡಗಿವಿಯನ್ನು ಕೈಯಿಂದ ಮುಚ್ಚಿಕೊಂಡ. ಅವಳು ಅವನ ಎಡಕ್ಕೆ ಕೂತು, ಮಗುವಿನ ಬೆರಳು ಬಿಡಿಸುವಷ್ಟೇ ಮೆಲ್ಲಗೆ ಆ ಕೈ ಬಿಡಿಸಿ, ಯಂತ್ರ ಕಿತ್ತು ಡಬ್ಬಿಗೆ ಹಾಕಿದಳು.

"ಚಿಕ್ಕವಳಿದ್ದಾಗ ನಿನ್ನನ್ನ ಅದೇ ರಸ್ತೆ ದಾಟಿಸ್ತಿದ್ದೋನು ನಾನು. ನೆನಪಿದ್ಯಾ? ಒಂದಿನ ನೀನು ನಡುರಸ್ತೇಲಿ..."

ಅವನು ತಲೆ ತಗ್ಗಿಸಿ ಹೇಳುತ್ತಲೇ ಇದ್ದ. ಈಗ ಏನೂ ಕೇಳಿಸದ ಅವನ ಎಡಗಿವಿಯ ಕಡೆಯಿಂದ ಎದ್ದು, ಅವಳು ಮುಂದಿನವರನ್ನು ಕರೆಯಲು ಹೊರಟುಹೋದಳು.