ತಲಿ ಎತ್ತಿ ಮಾತಾಡು

ತಿಕೋಟಾದ ನಮ್ಮ ಮಾಸ್ತರರು ಪಾಠ ಒಪ್ಪಿಸುವವರ ಗದ್ದವನ್ನು ಬೆರಳಿನಿಂದ ಮೇಲೆತ್ತಿ, "ತಲಿ ಎತ್ತಿ ಮಾತಾಡು" ಎನ್ನುತ್ತಿದ್ದರು. ಕುರಿ ಕಾಯುವ ಮನೆಯ ಹುಡುಗಿಯಾದ ನನ್ನನ್ನು ಶಾಲೆಗೆ ಕರೆದವರೂ ಅವರೇ. ತಾಯಿ ಸತ್ತ ಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂರಲು ಬಿಟ್ಟಿದ್ದರು.

ಬ್ರಿಟಿಷ್ ಸರಕಾರದ ಇನ್ಸ್‌ಪೆಕ್ಟರ್ ಸಾಹೇಬರು ವಿಜಾಪುರದಿಂದ ಶಾಲೆಯ ತಪಾಸಣೆಗೆ ಬಂದ ದಿನ ಆ ಮರಿ ಒದರಿತು.

"ಇದೇನು ಸಾಲಿನೋ, ಕುರಿಹಟ್ಟಿನೋ?" ಎಂದು ಸಾಹೇಬರು ಗದರಿಸಿದರು.

ಮಾಸ್ತರರು ನೆಲ ನೋಡುತ್ತ, "ನಾ ಕರದಿಲ್ರಿ ಸಾಹೇಬ್ರ, ತಾನ ಬಂದು ಕುಂತಾಳ್ರಿ" ಎಂದರು. ನಾನು ಮರಿಯನ್ನೆತ್ತಿಕೊಂಡು ಹೊರಬಿದ್ದೆ.

ಮರುದಿನ ಅವರು ನಮ್ಮ ಹಟ್ಟಿಗೆ ಬಂದರು. "ಸಾಲಿಗಿ ಬಾರವ್ವ" ಎಂದು ತಮ್ಮ ಚಪ್ಪಲಿಗಳಿಗೆ ಹೇಳುವಂತೆ ಹೇಳಿದರು.

"ತಲಿ ಎತ್ತಿ ಮಾತಾಡ್ರಿ, ಮಾಸ್ತರ್ರ" ಎಂದೆ.

ಎತ್ತಿದರು. ಆ ಮುಖ ನೋಡಲಾರದೆ ನಾನೇ ತಲೆ ತಗ್ಗಿಸಿದೆ.