ರದ್ದಿ ಗಾಡಿಯಿಂದ ಎತ್ತಿಕೊಟ್ಟ ಕೈಪಿಡಿ

2013ರಲ್ಲಿ ನಾನು ಅಮೆರಿಕದ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್ ಬಳಿ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ರೆಫರೆನ್ಸ್ ಲೈಬ್ರರಿಯನ್ ಆಗಿದ್ದೆ. ಕೇಳಿದ ಪ್ರಶ್ನೆಗೆ ನಂಬಬಹುದಾದ ಆಧಾರ ಹುಡುಕಿಕೊಡುವುದು ನನ್ನ ಕೆಲಸ. ವೀಸಾ, ತೆರಿಗೆ, ಟೊಮೆಟೊ ಗಿಡದ ರೋಗ, ಎಲ್ಲಕ್ಕೂ ಜನ ನನ್ನ ಮೇಜಿಗೇ ಬರುತ್ತಿದ್ದರು. ಹತ್ತು ವರ್ಷದ ಅನುಭವ. ಸ್ವಲ್ಪ ಜಂಬವೂ ಇತ್ತು.

ಆ ವರ್ಷ ಅಂಗಡಿಗಳಲ್ಲಿ ರೈಫಲ್ ಗುಂಡುಗಳು ಸಿಗುವುದೇ ಕಷ್ಟವಾಗಿತ್ತು. ನಮ್ಮೂರಲ್ಲೇ ಪಂಪ್ ರಿಪೇರಿ ವ್ಯಾಪಾರ ಮಾಡಿಕೊಂಡಿದ್ದ, ಹುಬ್ಬಳ್ಳಿ ಮೂಲದ ಹಿರೇಮಠ ಅಂಕಲ್ ರೀಲೋಡಿಂಗ್ ಕಲಿಯಲು ಹೊರಟರು. ಅಂದರೆ ಹಾರಿಸಿದ ಗುಂಡಿನ ಹಿತ್ತಾಳೆ ಖೋಲಕ್ಕೆ ಮನೆಯಲ್ಲೇ ಮತ್ತೆ ಮದ್ದು ತುಂಬುವುದು. ಎಷ್ಟು ಮದ್ದು ಎಂಬುದನ್ನು ಪರೀಕ್ಷಿಸಿದ ಕೋಷ್ಟಕ ನೋಡಿಯೇ ತೂಗಬೇಕು. ಹೆಚ್ಚಾದರೆ ರೈಫಲ್ ಮುಖದ ಹತ್ತಿರವೇ ಸಿಡಿಯಬಹುದು.

“ಇಂಟರ್ನೆಟ್ಟಿನಾಗ ಒಬ್ಬೊಬ್ಬ ಒಂದೊಂದು ಹೇಳ್ತಾನ, ತಂಗಿ. ನನಗ ಪುಸ್ತಕ ಬೇಕು,” ಎಂದರು.

ನಮ್ಮ ಕಪಾಟಿನಲ್ಲಿ ಅಂಥದ್ದಿರಲಿಲ್ಲ. ಹೊಸದಕ್ಕೆ ಆರ್ಡರ್ ಹಾಕಿದೆ. ಅಷ್ಟರಲ್ಲಿ ವೀಡಿಂಗ್ ಗಾಡಿ ನೆನಪಾಯಿತು. ಹಳತಾದ ಪುಸ್ತಕಗಳನ್ನು ಆರಿಸಿ ರದ್ದಿಗೆ ಕಳಿಸುವುದಕ್ಕೆ ನಮ್ಮಲ್ಲಿ ವೀಡಿಂಗ್ ಎನ್ನುತ್ತಾರೆ. ಆ ಕೆಲಸ ನನಗೆ ಎಂದೂ ಒಗ್ಗಲಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದವಳು. ಗಾಡಿಯಿಂದ ಒಂದೆರಡನ್ನು ಕದ್ದು ಉಳಿಸುತ್ತಲೇ ಇದ್ದೆ. ಅಂದು ಅದರಲ್ಲಿ ಡಾಲಸ್‌ನ ಯಾರೋ ದಾನ ಕೊಟ್ಟಿದ್ದ, ಅರವತ್ತರ ದಶಕದ ರೀಲೋಡಿಂಗ್ ಕೈಪಿಡಿ ಇತ್ತು. ದಪ್ಪ ರಟ್ಟು, ಅಚ್ಚುಕಟ್ಟಾದ ಕೋಷ್ಟಕ. ಅಂಕಲ್ ಕನ್ನಡಕ ತಂದಿರಲಿಲ್ಲ. ಅವರ ರೈಫಲ್‌ನ ಸಾಲನ್ನು ನಾನೇ ಓದಿ ಹೇಳಿದೆ.

“ಇಟ್ಕೊಳ್ಳಿ ಅಂಕಲ್, ಇದು ನಿಮಗೇ.”

ಎರಡು ವಾರದ ಮೇಲೆ, ಒಂದು ಶನಿವಾರ ಬೆಳಿಗ್ಗೆ ಹೊಸ ಕೈಪಿಡಿ ಬಂತು. ಮುನ್ನುಡಿಯಲ್ಲೇ ಎಚ್ಚರಿಕೆ: ಹಳೆಯ ಆವೃತ್ತಿಗಳ ಅಂಕಿ ಬಳಸಬೇಡಿ, ಅದೇ ಹೆಸರಿನ ಮದ್ದೂ ಈಗ ಬದಲಾಗಿರಬಹುದು, ಒತ್ತಡ ಅಳೆಯುವ ಉಪಕರಣ ಸುಧಾರಿಸಿದ ಮೇಲೆ ಕೆಲವು ಮಿತಿಗಳನ್ನು ಇಳಿಸಲಾಗಿದೆ. ಅಂಕಲ್ ರೈಫಲ್‌ನ ಸಾಲು ಹುಡುಕಿದೆ. ಗರಿಷ್ಠ ಮಿತಿಯೇ ನಾನು ಓದಿ ಹೇಳಿದ್ದ ತೂಕಕ್ಕಿಂತ ಕಡಿಮೆ ಇತ್ತು. ಕೂಡಲೇ ಅವರಿಗೆ ಫೋನ್ ಮಾಡಿದೆ.

ಅಂಕಲ್ ಫೋನ್ ಎತ್ತಲಿಲ್ಲ. ಮನೆಗೆ ಮಾಡಿದೆ. ಆಂಟಿ ಸಿಕ್ಕರು. “ಅವರು ಆಸ್ಟಿನ್ ಕಡೆ ರೇಂಜಿಗೆ ಹೋಗ್ಯಾರವಾ. ನಿನ್ನೆ ಇಪ್ಪತ್ತು ಗುಂಡು ತುಂಬಿದ್ರು. ಯಾಕ, ಏನಾತು?”

“ಆಮೇಲೆ ಹೇಳ್ತೀನಿ ಆಂಟಿ,” ಎಂದೆ. ರೇಂಜ್ ಎಂದರೆ ಗುರಿ ಅಭ್ಯಾಸದ ಜಾಗ. ಅಲ್ಲಿ ಕಿವಿ ಮುಚ್ಚಿಕೊಂಡವರಿಗೆ ಫೋನ್ ಕೇಳಿಸುವುದಿಲ್ಲ. ಆಂಟಿಯಿಂದ ಹೆಸರು ಪಡೆದು ರೇಂಜಿನ ಕಚೇರಿಗೇ ಫೋನ್ ಮಾಡಿ, ಬಿಳಿ ಮೀಸೆಯ ಭಾರತೀಯರೊಬ್ಬರನ್ನು ಕೂಡಲೇ ತಡೆಯಿರಿ ಎಂದು ಬೇಡಿಕೊಂಡೆ. ಆಮೇಲೆ ಹದಿನೇಳು ನಿಮಿಷ ಕಾದೆ. ಅವರ ಬಲಗಣ್ಣು, ಪಂಪ್ ಬಿಚ್ಚುವ ಬೆರಳುಗಳು, ಇವೇ ಕಣ್ಣಮುಂದೆ ಬರುತ್ತಿದ್ದವು. ನಡುವೆ ಯಾರೋ ತೆರಿಗೆ ಫಾರಂ ಕೇಳಿದರೆ ಅಡುಗೆ ಪುಸ್ತಕಗಳ ಕಪಾಟು ತೋರಿಸಿದೆನಂತೆ.

ಫೋನ್ ಬಂತು. “ಒಂದು ಹೊಡದಿದ್ದೆ, ತಂಗಿ. ಖೋಲ ಹೊರಗ ಬರಲಿಲ್ಲ, ಜಗ್ಗಿ ತಗದೆ. ಎರಡನೇದು ಹಾಕೂದ್ರಾಗ ಇಲ್ಲಿಯವರು ಬಂದು ತಡದ್ರು.”

“ಅದು ಒತ್ತಡ ಮಿತಿ ಮೀರಿದ ಗುರುತು! ಮೊದಲನೇದೇ ಹಾಗಾದಾಗ ನಿಲ್ಲಿಸಬಾರದಿತ್ತಾ ಅಂಕಲ್?” ಅಳುತ್ತಲೇ ರೇಗಿದೆ.

“ಅನುಮಾನ ಬಂದಿತ್ತು. ಆದ್ರ ನೀ ಕೊಟ್ಟ ಪುಸ್ತಕ ಅಲ್ಲೇನು?”

ಆ ಮಾತು ಇಂದಿಗೂ ಎದೆಯಲ್ಲಿ ಚುಚ್ಚುತ್ತದೆ. ಅಂದಿನಿಂದ ಯಾವ ಆಧಾರ ಕೊಟ್ಟರೂ ಆವೃತ್ತಿ ಯಾವುದು, ಪರೀಕ್ಷಿಸಿದವರು ಯಾರು ಎಂದು ನೋಡುತ್ತೇನೆ. ಇನ್ನೊಂದು ಕಡೆಯೂ ಅದೇ ಅಂಕಿ ಇದೆಯೇ ಎಂದು ತಾಳೆ ಹಾಕದೆ ಬಾಯಿ ಬಿಡುವುದಿಲ್ಲ.

ಸೋಮವಾರ ಅಂಕಲ್ ಹಳೆಯ ಕೈಪಿಡಿ ತಂದು ಮೇಜಿನ ಮೇಲಿಟ್ಟರು. ಇನ್ನೊಬ್ಬರ ಕೈಗೆ ಹೋಗಬಾರದೆಂದು ರಟ್ಟು ಕಿತ್ತು, ಪುಟಗಳನ್ನು ಹಿಡಿಹಿಡಿಯಾಗಿ ಹರಿದೆ. ಜೀವಮಾನದಲ್ಲಿ ಮೊದಲ ಸಲ ಪುಸ್ತಕ ಹರಿದದ್ದು. ಕೊನೆಯ ಹಿಡಿಯನ್ನು ಮಾತ್ರ ಕಣ್ಣಿಗೊತ್ತಿಕೊಂಡು ರದ್ದಿ ಡಬ್ಬಕ್ಕೆ ಹಾಕಿದೆ.